ಸ್ಟ್ರ್‌ಡಪ್ ಮಾಯವಾದ ದಿನ

ಹಳೆಯ ಸಿ ಪ್ರೋಗ್ರಾಂ ಒಂದನ್ನು ಅಚ್ಚುಕಟ್ಟು ಮಾಡುವ ಹುಮ್ಮಸ್ಸಿನಲ್ಲಿ ಕಂಪೈಲ್ ಆದೇಶಗಳಿರುವ ಮೇಕ್‌ಫೈಲಿನ ‘ಗ್ನೂ99’ (ಗ್ನೂ ವಿಸ್ತರಣೆಗಳಿರುವ ಸಿ) ಅನ್ನು ‘ಸಿ99’ (1999ರ ಸಿ ಮಾನಕ) ಎಂದು ತಿದ್ದಿದೆ. ಪಠ್ಯದ ಪ್ರತಿ ಮಾಡಿಕೊಡುವ ಸ್ಟ್ರ್‌ಡಪ್ ಫಂಕ್ಷನ್ ಘೋಷಣೆಯಾಗಿಲ್ಲ ಎಂದು ಜಿಸಿಸಿ ಕಂಪೈಲರ್ ಗೊಣಗಿತು. ಎಚ್ಚರಿಕೆ ತಾನೇ ಎಂದು ಮುಂದೆ ಹೋದೆ. ಓಡಿಸಿದರೆ ಮೊದಲ ಹೆಸರು ಮುದ್ರಣವಾಗುವ ಮೊದಲೇ ಸೆಗ್‌ಫಾಲ್ಟ್: ತನ್ನದಲ್ಲದ ಮೆಮೊರಿ ಮುಟ್ಟಿ ಪ್ರೋಗ್ರಾಂ ನಿಂತುಹೋಯಿತು.

ದೋಷ ಹುಡುಕುವ ಜಿಡಿಬಿಯಲ್ಲಿ ನೋಡಿದಾಗ, 12 ಅಂಕಿಗಳ ಮೆಮೊರಿ ವಿಳಾಸ ಇರಬೇಕಾದ ಕಡೆ ಕೊನೆಯ 8 ಅಂಕಿ ಮಾತ್ರ ಉಳಿದಿದ್ದವು. ಕಟ್ಟುನಿಟ್ಟಾದ ಸಿ99 ಬೇಕೆಂದು ನಾನೇ ಕೇಳಿದ್ದೆ. ಆ ಮಾನಕದಲ್ಲಿಲ್ಲದ ಸ್ಟ್ರ್‌ಡಪ್ ಅನ್ನು ಜಿಲಿಬ್‌ಸಿಯ (ಗ್ನೂ ಸಿ ಲೈಬ್ರರಿ) ಹೆಡರ್, ಅಂದರೆ ಘೋಷಣೆಗಳ ಕಡತ, ಮರೆಮಾಡಿತ್ತು. ಲೈಬ್ರರಿಯೊಳಗೆ ಫಂಕ್ಷನ್ ಇದ್ದೇ ಇತ್ತು, ಲಿಂಕರ್ ತಕರಾರಿಲ್ಲದೆ ಜೋಡಿಸಿತು. ಆದರೆ ಘೋಷಣೆ ಕಾಣದ ಕಂಪೈಲರ್, ಅದು ಇಂಟ್ (32 ಬಿಟ್ ಪೂರ್ಣಾಂಕ) ಮರಳಿಸುತ್ತದೆಂದು ಊಹಿಸಿ 64 ಬಿಟ್ ಪಾಯಿಂಟರನ್ನು (ವಿಳಾಸವನ್ನು) 32ಕ್ಕೆ ಕತ್ತರಿಸಿಬಿಟ್ಟಿತ್ತು. ಜಿಸಿಸಿ 14ರಿಂದ ಇದು ಎಚ್ಚರಿಕೆಯಲ್ಲ, ದೋಷ. ನನ್ನಂಥವರನ್ನು ಕಂಡೇ ಹಾಗೆ ಮಾಡಿರಬೇಕು.

ಸ್ಟ್ರ್‌ಡಪ್‌ನ ಮ್ಯಾನ್ (ಕೈಪಿಡಿ) ಪುಟದಲ್ಲಿ, ಅದನ್ನು ಹೆಡರ್‌ನಲ್ಲಿ ಕಾಣಿಸಲು ಬೇಕಾದ ಮ್ಯಾಕ್ರೊ (ಕಂಪೈಲರ್‌ಗೆ ಕೊಡುವ ಹೆಸರಿಟ್ಟ ಬೆಲೆ) ಯಾವುದೆಂದು ಸಾರಾಂಶದ ಕೆಳಗೇ ಬರೆದಿತ್ತು. ಪಾಸಿಕ್ಸ್ ಸಿ ಸೋರ್ಸ್ ಮ್ಯಾಕ್ರೊಗೆ 200809 ಎಂಬ ಬೆಲೆ ಕೊಡಬೇಕು, ಅಂದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನ 2008ರ ಸೆಪ್ಟೆಂಬರ್ ಆವೃತ್ತಿ. 200112 ಕೊಟ್ಟರೆ ಸ್ಟ್ರ್‌ಡಪ್ ಸಿಗುವುದಿಲ್ಲ. 200809 ಕೊಟ್ಟೆ, ಆದರೂ ಎಚ್ಚರಿಕೆ ಹೋಗಲಿಲ್ಲ! ಮ್ಯಾಕ್ರೊಗೆ ಬೆಲೆ ಕೊಡುವ ಡಿಫೈನ್ ಸಾಲನ್ನು ನಾನು, ಹೆಡರ್‌ಗಳನ್ನು ಸೇರಿಸುವ ಇನ್‌ಕ್ಲೂಡ್‌ಗಳ ಕೆಳಗೆ ಬರೆದಿದ್ದೆ. ಮೊದಲ ಹೆಡರ್ ಸೇರಿದೊಡನೆ ಫೀಚರ್ಸ್ ಹೆಡರ್ ಒಳಬಂದು, ಯಾವುದು ಕಾಣಬೇಕು, ಯಾವುದು ಬೇಡ ಎಂದು ಒಮ್ಮೆಗೇ ತೀರ್ಮಾನಿಸಿಬಿಡುತ್ತದೆ. ಆಮೇಲೆ ಹೇಳಿದ್ದು ಅದರ ಕಿವಿಗೆ ಬೀಳುವುದಿಲ್ಲ. ಸಾಲನ್ನು ಕಡತದ ನೆತ್ತಿಗೆ ಏರಿಸಿದ ಮೇಲೆ ಎಲ್ಲವೂ ಸರಿಹೋಯಿತು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮುಂದೊಮ್ಮೆ, ಪಠ್ಯ ಜೋಡಿಸಿ ಅದಕ್ಕೆ ಮೆಮೊರಿಯನ್ನೂ ತಾನೇ ಪಡೆಯುವ ಎಎಸ್‌ಪ್ರಿಂಟ್‌ಎಫ್ ಬೇಕಾದಾಗ ಸೋಮಾರಿತನದಿಂದ ಇಡೀ ಪ್ರಾಜೆಕ್ಟ್‌ಗೆ, ಗ್ನೂ ವಿಸ್ತರಣೆಗಳನ್ನೆಲ್ಲ ತೆರೆಯುವ ಗ್ನೂ ಸೋರ್ಸ್ ಮ್ಯಾಕ್ರೊ ಹಾಕಿದೆ. ಮರುದಿನ ಲಾಗ್‌ನಲ್ಲಿ ‘ಕಡತ ತೆರೆಯಲಾಗಲಿಲ್ಲ:’ ಎಂದಿತ್ತು, ಮುಂದೆ ಖಾಲಿ. ದೋಷಸಂಖ್ಯೆಗೆ ಸಂದೇಶ ಕೊಡುವ ಸ್ಟ್ರ್‌ಎರರ್‌ಆರ್ ಹೆಸರಿನ ಫಂಕ್ಷನ್‌ಗಳು ಜಿಲಿಬ್‌ಸಿಯಲ್ಲಿ ಎರಡಿವೆ. ಪಾಸಿಕ್ಸ್‌ನದು ಸಂದೇಶವನ್ನು ನಾವು ಕೊಟ್ಟ ಬಫರ್‌ಗೆ (ಮೆಮೊರಿ ಜಾಗಕ್ಕೆ) ತುಂಬಿ ಇಂಟ್ ಮರಳಿಸುತ್ತದೆ. ಗ್ನೂದು ಸಂದೇಶದ ಪಾಯಿಂಟರನ್ನೇ ಮರಳಿಸುತ್ತದೆ, ಬಫರನ್ನು ಮುಟ್ಟದೆಯೂ ಇರಬಹುದು. ಗ್ನೂ ಸೋರ್ಸ್ ಹಾಕಿದ್ದರಿಂದ ಇದೇ ಬಂದಿತ್ತು, ನಾನು ಮಾತ್ರ ಬಫರನ್ನೇ ಮುದ್ರಿಸುತ್ತಿದ್ದೆ. ಮರಳಿದ್ದನ್ನು ನಾನು ನೋಡುತ್ತಲೇ ಇರಲಿಲ್ಲವಾದ್ದರಿಂದ ಕಂಪೈಲರ್ ಈ ಸಲ ತುಟಿ ಪಿಟಕ್ಕೆನ್ನಲಿಲ್ಲ.

ಈಗ ಮೇಕ್‌ಫೈಲಿನಲ್ಲಿ ಎಲ್ಲ ಕಡತಗಳಿಗೂ 200809 ಇದೆ. ಎಎಸ್‌ಪ್ರಿಂಟ್‌ಎಫ್ ಬಳಸುವ ಒಂದೇ ಕಡತದ ಮೊದಲ ಸಾಲಿನಲ್ಲಿ ಗ್ನೂ ಸೋರ್ಸ್ ಇದೆ. ದೋಷಸಂದೇಶದ ಕೆಲಸವನ್ನು ಅಲ್ಲಿಂದ ಕಿತ್ತು ಬೇರೆ ಕಡತಕ್ಕೆ ಹಾಕಿದ್ದೇನೆ.