ಮತದಾರರ ಪಟ್ಟಿಯನ್ನು ಎಲ್ಲ ಪಕ್ಷದವರೂ ಒಂದೇ ಮೇಜಿನಲ್ಲಿ ಓದುವುದು: ದಾವಣಗೆರೆಯ ನಮ್ಮ ಅನುಭವ

ಬೇರೆ ಬೇರೆ ಪಕ್ಷದವರು ಸೇರಿ ಊರಿಗೆ ಏನಾದರೂ ಮಾಡೋಣ ಅಂದರೆ ಮಾತು ಮೊದಲು ರಸ್ತೆ, ನೀರು, ಚರಂಡಿಗೇ ಹೋಗುತ್ತದೆ. ಆದರೆ ಕಾಮಗಾರಿ ಮುಗಿದ ಮೇಲೆ ಹೆಸರು ಯಾರಿಗೆ ಎಂಬ ಜಗಳ ಹುಟ್ಟಿ, ಸೇರಿದವರು ಚದುರುತ್ತಾರೆ. ಮತದಾರರ ಪಟ್ಟಿಯ ಕೆಲಸದಲ್ಲಿ ಆ ಜಗಳಕ್ಕೆ ಜಾಗ ಕಡಿಮೆ. ಪಟ್ಟಿ ಕೆಟ್ಟಿದ್ದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂದು ಯಾವ ಪಕ್ಷಕ್ಕೂ ಮೊದಲೇ ಗೊತ್ತಿರುವುದಿಲ್ಲ. ತಮ್ಮವರ ಹೆಸರು ಬಿಟ್ಟುಹೋಗಿದೆ, ಎದುರಾಳಿಯ ಕಡೆಯವು ಎರಡೆರಡು ಕಡೆ ಇವೆ ಎಂಬ ಅನುಮಾನ ಎಲ್ಲರಲ್ಲೂ ಇರುತ್ತದೆ. ಆ ಅನುಮಾನವನ್ನೇ ಕೆಲಸಕ್ಕೆ ಹಚ್ಚಬಹುದು. ದಾವಣಗೆರೆ ದಕ್ಷಿಣ ಮತ್ತು ಉತ್ತರ ಕ್ಷೇತ್ರಗಳ ಬಡಾವಣೆಗಳಲ್ಲಿ, ಆಮೇಲೆ ಮಾಯಕೊಂಡ ಕ್ಷೇತ್ರದ ಹಳ್ಳಿಗಳಲ್ಲಿ ನಾವು ಅನುಸರಿಸುವ ಕ್ರಮ ಇದು.

ಕೆಲಸವನ್ನು ವಾರ್ಡ್ ಲೆಕ್ಕದಲ್ಲಿ ಹಿಡಿಯಬೇಡಿ, ಭಾಗ ಸಂಖ್ಯೆಯ ಲೆಕ್ಕದಲ್ಲಿ ಹಿಡಿಯಿರಿ. ವಿಧಾನಸಭಾ ಪಟ್ಟಿಯಲ್ಲಿ ಒಂದು ಮತಗಟ್ಟೆಗೆ ಒಂದು ಭಾಗ. ಒಂದು ಭಾಗಕ್ಕೆ ಒಬ್ಬ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಮಾನ್ಯತೆ ಪಡೆದ ಪಕ್ಷಗಳು ಪ್ರತಿ ಭಾಗಕ್ಕೂ ತಮ್ಮ ಏಜೆಂಟರನ್ನು, ಅಂದರೆ ಬಿಎಲ್‌ಎಗಳನ್ನು, ಲಿಖಿತವಾಗಿ ನೇಮಿಸಬಹುದು. ಬಹಳ ಕಡೆ ಈ ನೇಮಕ ಕಾಗದದ ಮೇಲಷ್ಟೇ ಇರುತ್ತದೆ. ಮೊದಲ ಕೆಲಸ ಆ ಹೆಸರುಗಳನ್ನು ಚುನಾವಣಾ ಶಾಖೆಯಿಂದ ಪಡೆದು, ಅವರೆಲ್ಲರನ್ನೂ ಒಂದು ಕಡೆ ಕೂರಿಸುವುದು. ಜೊತೆಗೆ ಯಾವ ಪಕ್ಷದಲ್ಲೂ ಇಲ್ಲದ ಇಬ್ಬರು ಬೇಕು. ನಿವೃತ್ತ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳು, ಬೀದಿಯ ಕಿರಾಣಿ ಅಂಗಡಿಯವರು, ಹೀಗೆ ಮನೆಮನೆ ಗೊತ್ತಿರುವವರು ಸಿಕ್ಕರೆ ಅರ್ಧ ಕೆಲಸ ಹಗುರ. ಪಾಲಿಕೆ ಟಿಕೆಟ್‌ಗೆ ಕಣ್ಣಿಟ್ಟವರನ್ನು ಮಾತ್ರ ತಂಡಕ್ಕೆ ಸೇರಿಸಬಾರದು. ಅವರ ಉದ್ದೇಶ ಒಳ್ಳೆಯದೇ ಇದ್ದರೂ, ಅವರು ಬಾಗಿಲಿಗೆ ಬಂದರೆ ಮನೆಯವರಿಗೆ ಅದು ಪ್ರಚಾರವಾಗಿಯೇ ಕಾಣುತ್ತದೆ.

ಮೊದಲ ದಿನವೇ ಒಂದು ಹಾಳೆಯಲ್ಲಿ ಕರಾರು ಬರೆದು ಎಲ್ಲರೂ ಸಹಿ ಹಾಕಬೇಕು. ನಮ್ಮ ಕರಾರು ಚಿಕ್ಕದು. ಪಕ್ಷದ ಶಾಲು, ಕರಪತ್ರ, ನಾಯಕರ ಫೋಟೊ ತರುವಂತಿಲ್ಲ. ಜಾತಿ ಕೇಳುವಂತಿಲ್ಲ. ಮನೆಯವರ ಮೊಬೈಲ್ ನಂಬರನ್ನು ಅರ್ಜಿಯಲ್ಲಿ ತುಂಬುವುದಕ್ಕೆ ಬಿಟ್ಟು ಬೇರೆಡೆ ಬರೆದುಕೊಳ್ಳುವಂತಿಲ್ಲ. ಗುರುತು ಹಾಕಿದ ಪಟ್ಟಿ ಒಂದೇ ಪ್ರತಿ, ಅದು ಪಕ್ಷೇತರರ ಬಳಿ ಇರುತ್ತದೆ, ಫೋಟೊ ಹೊಡೆದು ವಾಟ್ಸಾಪ್‌ನಲ್ಲಿ ಹಾಕುವಂತಿಲ್ಲ. ಕೊನೆಯದೇ ಮುಖ್ಯ: ಯಾವ ಹೆಸರನ್ನಾದರೂ ತೆಗೆಯಬೇಕು ಎಂದರೆ ಕನಿಷ್ಠ ಎರಡು ಬೇರೆ ಪಕ್ಷದವರು ಸ್ವತಃ ಆ ಮನೆಗೆ ಹೋಗಿ ಒಪ್ಪಿರಬೇಕು. ಒಮ್ಮತ ಬರದಿದ್ದರೆ ತಂಡ ಆ ಹೆಸರನ್ನು ಮುಟ್ಟುವುದಿಲ್ಲ, ಬಿಎಲ್‌ಒ ತೀರ್ಮಾನಕ್ಕೆ ಬಿಡುತ್ತದೆ. ಸೇರಿಸುವುದಕ್ಕೆ ಮಾತ್ರ ಒಬ್ಬರ ಮಾತು ಸಾಕು. ಹೆಸರು ತೆಗೆಯುವುದು ಕಷ್ಟವಾಗಿರಬೇಕು, ಸೇರಿಸುವುದು ಸುಲಭವಾಗಿರಬೇಕು. ತಂಡದ ಮೇಲೆ ಬೀದಿಯವರಿಗೆ ನಂಬಿಕೆ ಬರುವುದು ಈ ಒಂದು ನಿಯಮದಿಂದಲೇ.

ಕರಡು ಪಟ್ಟಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಯವರ ಜಾಲತಾಣದಲ್ಲಿ ಭಾಗವಾರು ಸಿಗುತ್ತದೆ. ಮಾನ್ಯತೆ ಪಡೆದ ಪಕ್ಷಗಳಿಗೆ ಮುದ್ರಿತ ಪ್ರತಿಯನ್ನು ಉಚಿತವಾಗಿಯೇ ಕೊಡುತ್ತಾರೆ. ಒಂದು ಪುಟಕ್ಕೆ 30 ಹೆಸರು. ಸಾವಿರ ಮತದಾರರ ಭಾಗಕ್ಕೆ 34 ಪುಟ, ಮುಂದೆ ಹಿಂದೆ ಕೆಲವು ಹಾಳೆ. ಒಂದೇ ಬದಿಗೆ ಪ್ರಿಂಟ್ ಹಾಕಿಸಿ, ಹಿಂಬದಿ ಬರೆಯಲು ಬೇಕಾಗುತ್ತದೆ. ಮೊದಲ ಪುಟದಲ್ಲಿರುವ ಬೀದಿಗಳ ವಿವರವನ್ನು ಓದದೆ ಮುಂದೆ ಹೋಗಬೇಡಿ. ನಿಮ್ಮ ಅಡ್ಡರಸ್ತೆ ಪಕ್ಕದ ಭಾಗದಲ್ಲಿ ಸೇರಿದ್ದರೆ ಅದು ಗೊತ್ತಾಗುವುದು ಅಲ್ಲೇ. ಪೂರಕ ಪಟ್ಟಿಯಲ್ಲಿ, ಅಂದರೆ ಸೇರಿಸಿದ್ದು, ಅಳಿಸಿದ್ದು, ತಿದ್ದಿದ್ದನ್ನು ತೋರಿಸುವ ಹಾಳೆಗಳಲ್ಲಿ, ಅಳಿಸಿದ ಹೆಸರಿನ ಪಕ್ಕ ಇಂಗ್ಲಿಷಿನ ಇ ಇದ್ದರೆ ಮರಣ, ಎಸ್ ಇದ್ದರೆ ಸ್ಥಳಾಂತರ, ಆರ್ ಇದ್ದರೆ ಎರಡನೇ ಸಲ ಬಂದ ಹೆಸರು ಎಂದರ್ಥ. ಈ ಅಳಿಸಿದ ಹೆಸರುಗಳನ್ನು ಮೊದಲು ಓದಿ. ಬದುಕಿರುವವರ ಮುಂದೆ ಇ ಬಿದ್ದಿದ್ದರೆ ಅದನ್ನು ಸರಿಪಡಿಸಲು ಸಮಯ ಬೇಕು.

ಬೀದಿಗೆ ಇಳಿಯುವ ಮೊದಲು ಮೇಜಿನ ಕೆಲಸ ಮಾಡಬೇಕು. ಪಟ್ಟಿಯಲ್ಲಿ ಹೆಸರುಗಳು ಮನೆ ಸಂಖ್ಯೆಯ ಕ್ರಮದಲ್ಲೇ ಇರುತ್ತವೆ ಎಂದು ನಂಬಬೇಡಿ. ಹಳೇ ದಾವಣಗೆರೆಯಲ್ಲಿ ಒಂದೇ ಮನೆಗೆ ಹಳೆಯ ನಂಬರು, ಪಾಲಿಕೆಯ ಆಸ್ತಿ ನಂಬರು, ಮೀಟರ್ ಬೋರ್ಡಿನ ಮೇಲೆ ಬರೆದ ನಂಬರು ಎಂದು ಮೂರು ಇರಬಹುದು. ಒಂದೇ ಕುಟುಂಬದ ನಾಲ್ವರು ನಾಲ್ಕು ಪುಟಗಳಲ್ಲಿ ಚದುರಿರುತ್ತಾರೆ. ಹಾಗಾಗಿ ಒಂದು ನೋಟ್‌ಬುಕ್‌ನಲ್ಲಿ ಬೀದಿವಾರು, ಮನೆವಾರು ಬರೆದುಕೊಂಡು ಎದುರಿಗೆ ಕ್ರಮ ಸಂಖ್ಯೆ ಹಾಕುತ್ತೇವೆ. ಒಂದೇ ಮನೆ ಸಂಖ್ಯೆಯಲ್ಲಿ ಮೂವತ್ತು ನಲವತ್ತು ಹೆಸರು ಕಂಡರೆ ಕೂಡಲೇ ಕಳ್ಳ ಮತ ಎಂದು ಕೂಗಬೇಡಿ. ವಠಾರ ಇರಬಹುದು, ಹಾಸ್ಟೆಲ್ ಇರಬಹುದು, ನಂಬರು ಸಿಗದೆ ಹಿಂದಿನ ಮನೆಯದ್ದನ್ನೇ ಬರೆದಿರಬಹುದು. ಮಂಡಕ್ಕಿ ಭಟ್ಟಿ ಸುತ್ತಮುತ್ತಲ ಬೀದಿಗಳಲ್ಲಿ ಇಂಥದ್ದು ಮಾಮೂಲು.

ಎರಡು ಸಲ ಬಂದ ಹೆಸರುಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಸವರಾಜಪ್ಪನವರ ಮಗ ಮಂಜುನಾಥ ಎಂಬ ಹೆಸರು ನಮ್ಮ ಕಡೆ ಒಂದೇ ಭಾಗದಲ್ಲಿ ಮೂವರಿಗೆ ಇದ್ದರೂ ಆಶ್ಚರ್ಯವಿಲ್ಲ. ಹೆಸರು, ತಂದೆಯ ಹೆಸರು ಕೂಡಿದರೆ ಸಾಲದು. ವಯಸ್ಸು, ಮನೆ, ಕೊನೆಗೆ ಫೋಟೊ ನೋಡಬೇಕು. ಜಾಲತಾಣದ ಪ್ರತಿಯಲ್ಲಿ ಫೋಟೊ ಇರುವುದಿಲ್ಲ, ಬಿಎಲ್‌ಒ ಬಳಿಯ ಪ್ರತಿಯಲ್ಲಿ ಇರುತ್ತದೆ. ಇದಕ್ಕೆ ಉಲ್ಟಾ ಸಮಸ್ಯೆಯೂ ಇದೆ: ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುವಾಗ ಅಕ್ಷರ ಬದಲಾಗಿ, ಒಬ್ಬರೇ ಎರಡು ಹೆಸರಾಗುತ್ತಾರೆ. ಶಬಾನಾ, ಶಭಾನ ಇಬ್ಬರೂ ಒಬ್ಬರೇ ಆಗಿರಬಹುದು. ಮನೆಗೆ ಹೋಗದೆ ಇದು ತೀರ್ಮಾನವಾಗುವುದಿಲ್ಲ.

ಮನೆ ಭೇಟಿಗೆ ಮೂವರು ಸಾಕು: ಬೇರೆ ಬೇರೆ ಪಕ್ಷದ ಇಬ್ಬರು, ಪಕ್ಷೇತರರು ಒಬ್ಬರು, ಮೂವರಲ್ಲಿ ಒಬ್ಬ ಹೆಣ್ಣುಮಗಳು ಇರಲೇಬೇಕು. ಭಟ್ಟಿ ಕೆಲಸದವರು, ಹಮಾಲರು ನಸುಕಿನಲ್ಲೇ ಹೊರಟಿರುತ್ತಾರೆ, ಅವರಿಗೆ ಸಂಜೆ ಆರರ ನಂತರ. ಅಂಗಡಿ ಬೀದಿಗಳಿಗೆ ಬೆಳಿಗ್ಗೆ. ಪಟ್ಟಿಯಲ್ಲಿರುವ ಹೆಸರು ಓದಿ "ಇವರು ಇದಾರಾ?" ಎಂದು ಕೇಳಬೇಡಿ. ಓದಿದರೆ ಎಲ್ಲದಕ್ಕೂ "ಹೂಂ ರೀ" ಎಂದೇ ಉತ್ತರ ಬರುತ್ತದೆ. "ಅಕ್ಕಾ, ಈ ಮನೇಲಿ ಹದಿನೆಂಟು ದಾಟಿದೋರು ಯಾರ್ಯಾರು ಇದೀರಿ?" ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಂಡು, ಆಮೇಲೆ ಪಟ್ಟಿಯ ಜೊತೆ ಹೋಲಿಸಬೇಕು. ಜನ ಸುಳ್ಳು ಹೇಳಬೇಕು ಎಂದು ಹೇಳುವುದಿಲ್ಲ. ತೀರಿಕೊಂಡವರ ಹೆಸರು, ಮದುವೆಯಾಗಿ ಹೋದ ಮಗಳ ಹೆಸರು ಹೇಳಿದರೆ ರೇಷನ್ ಕಾರ್ಡಿಗೆ, ಪಿಂಚಣಿಗೆ, ಗೃಹಲಕ್ಷ್ಮಿ ಹಣಕ್ಕೆ ಕುತ್ತು ಬರುತ್ತದೆ ಎಂದು ಹೆದರುತ್ತಾರೆ. ಅದಕ್ಕೆ ಮೊದಲ ಮಾತೇ ಇದಾಗಿರಬೇಕು: "ಇದು ಓಟಿನ ಪಟ್ಟಿ ಅಷ್ಟೇ, ರೇಷನ್ ಕಾರ್ಡಿಗೂ ಇದಕ್ಕೂ ಸಂಬಂಧ ಇಲ್ಲ."

ಗುರುತುಗಳು ಐದು: ಇದ್ದಾರೆ, ತೀರಿಕೊಂಡಿದ್ದಾರೆ, ಮನೆ ಬಿಟ್ಟಿದ್ದಾರೆ, ಎರಡು ಸಲ ಇದೆ, ಸಿಗಲಿಲ್ಲ. ಕೊನೆಯ ಎರಡನ್ನು "ಮನೆ ಬಿಟ್ಟಿದ್ದಾರೆ" ಎಂಬುದರ ಜೊತೆ ಎಂದೂ ಬೆರೆಸಬಾರದು. ಬೀಗ ಹಾಕಿದ ಮನೆಗೆ ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಹೋಗಬೇಕು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಜಗಳೂರು ಕಡೆಯ ತಾಂಡಾಗಳಿಂದ, ಮಾಯಕೊಂಡದ ಹಳ್ಳಿಗಳಿಂದ ಮಲೆನಾಡಿಗೆ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿವೆ. ಪಟ್ಟಿ ಪರಿಶೀಲನೆಯ ತಿಂಗಳಲ್ಲಿ ಅವರ ಮನೆಗೆ ಬೀಗ ಇರುತ್ತದೆ, ಪಕ್ಕದವರು "ಊರಲ್ಲಿಲ್ರೀ" ಅನ್ನುತ್ತಾರೆ, ಹೆಸರಿನ ಮುಂದೆ ಸ್ಥಳಾಂತರ ಎಂದು ಬೀಳುತ್ತದೆ. ಕಾನೂನು ಹಾಗೆ ಹೇಳುವುದಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಂ ಪ್ರಕಾರ ತಾತ್ಕಾಲಿಕವಾಗಿ ಊರು ಬಿಟ್ಟವರು ಆ ಊರಿನ ಸಾಮಾನ್ಯ ನಿವಾಸಿಗಳಾಗಿಯೇ ಉಳಿಯುತ್ತಾರೆ. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿ ಆಗುವುದಿಲ್ಲ. ಅಂದರೆ ದುಡಿಯಲು ಹೋದ ಕೂಲಿಯವರ ಹೆಸರು ಉಳಿಯಬೇಕು. ದಾವಣಗೆರೆಯ ವಿದ್ಯಾನಗರದಲ್ಲಿ ನೆಲೆಸಿ ಹತ್ತು ವರ್ಷವಾಗಿ, ಊರ ಪಂಚಾಯ್ತಿ ಓಟಿಗೆಂದು ಹಳ್ಳಿಯಲ್ಲೂ ಹೆಸರು ಇಟ್ಟುಕೊಂಡವರದ್ದು ಒಂದು ಕಡೆ ಹೋಗಬೇಕು. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದನ್ನು 17ನೇ ಕಲಂ, ಒಂದೇ ಕ್ಷೇತ್ರದಲ್ಲಿ ಎರಡು ಸಲ ಇರುವುದನ್ನು 18ನೇ ಕಲಂ ತಡೆಯುತ್ತದೆ. ವಾಸ್ತವದಲ್ಲಿ ಆಗುವುದು ಇದರ ತಿರುವುಮುರುವು. ಮಾತಾಡಲು ಗೊತ್ತಿರುವವರ ಎರಡೂ ಹೆಸರು ಉಳಿಯುತ್ತವೆ, ಬಡವರ ಒಂದೂ ಉಳಿಯುವುದಿಲ್ಲ. ತಂಡದಲ್ಲಿ ಎಲ್ಲ ಪಕ್ಷದವರೂ ಇರಬೇಕು ಅನ್ನುವುದು ಇದಕ್ಕೇ.

ಹೆಸರು ತೆಗೆಯುವ ಅರ್ಜಿ ನಮೂನೆ-7. ಇದನ್ನು ಕೊಡುವವರು ತಮ್ಮ ಹೆಸರು, ಗುರುತಿನ ಚೀಟಿಯ ಸಂಖ್ಯೆ ಬರೆದು ಸಹಿ ಮಾಡಬೇಕು. ಸುಳ್ಳು ಘೋಷಣೆಗೆ ಅದೇ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ 6,018 ನಮೂನೆ-7 ಅರ್ಜಿಗಳು ಬಂದವು. ಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು 24 ಮಾತ್ರ. ಮಿಕ್ಕ ಹೆಸರುಗಳು ಪಟ್ಟಿಯಲ್ಲಿ ಉಳಿದದ್ದು ಯಾರೋ ಬಾಗಿಲು ಬಡಿದು ಕೇಳಿದ್ದರಿಂದ. ಆದ್ದರಿಂದ ನಮ್ಮ ತಂಡ ನಮೂನೆ-7ನ್ನು ಆನ್‌ಲೈನ್‌ನಲ್ಲಿ ಹಾಕುವುದಿಲ್ಲ. ತೀರಿಕೊಂಡವರ ವಿಷಯದಲ್ಲಿ ಮನೆಯವರಿಂದಲೇ ಅರ್ಜಿ ಬರೆಸಿ, ಮರಣ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಬಿಎಲ್‌ಒ ಕೈಗೆ ಕೊಡುತ್ತೇವೆ.

ಸೇರ್ಪಡೆಯಲ್ಲಿ ಹೆಚ್ಚು ಎಡವುವುದು ನಮೂನೆ-6 ಮತ್ತು 8ರ ನಡುವೆ. ಎಂದೂ ಹೆಸರೇ ಇಲ್ಲದವರಿಗೆ ಮಾತ್ರ ನಮೂನೆ-6. ಹರಿಹರದಿಂದ ದಾವಣಗೆರೆಗೆ ಮದುವೆಯಾಗಿ ಬಂದ ಸೊಸೆಗೆ ಅಲ್ಲಿ ಹೆಸರಿದ್ದರೆ ನಮೂನೆ-8. 2022ರ ಆಗಸ್ಟ್‌ನಿಂದ ಕ್ಷೇತ್ರದ ಒಳಗಿನ, ಹೊರಗಿನ ಎರಡೂ ಸ್ಥಳಾಂತರಕ್ಕೆ, ತಿದ್ದುಪಡಿಗೆ, ಚೀಟಿ ಕಳೆದರೆ, ಅಂಗವಿಕಲರೆಂದು ಗುರುತಿಸಲು, ಎಲ್ಲಕ್ಕೂ ನಮೂನೆ-8 ಒಂದೇ. ಅವಸರದಲ್ಲಿ ನಮೂನೆ-6 ತುಂಬಿಸಿದರೆ ಆಕೆಯ ಹೆಸರು ಎರಡು ಕಡೆ ಆಗುತ್ತದೆ, ಮುಂದೆ ಎರಡೂ ಕಡೆ ಪ್ರಶ್ನೆ ಏಳುತ್ತದೆ. "ಮೊದಲು ಎಲ್ಲಾದ್ರೂ ಓಟು ಹಾಕಿದೀಯೇನಮ್ಮಾ?" ಎಂಬ ಒಂದು ಪ್ರಶ್ನೆಯಿಂದ ಇದು ತಪ್ಪುತ್ತದೆ. ಹದಿನೆಂಟರ ಲೆಕ್ಕ ಈಗ ಜನವರಿ 1ಕ್ಕೆ ಮಾತ್ರವಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1ಕ್ಕೂ ಇದೆ. ಹದಿನೇಳು ತುಂಬಿದವರು ಮುಂಚಿತವಾಗಿಯೇ ಅರ್ಜಿ ಕೊಡಬಹುದು. ಪಿಯು ಕಾಲೇಜಿನ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

ಹಾಸ್ಟೆಲ್‌ನಲ್ಲಿರುವ ವಿದ್ಯಾರ್ಥಿಗಳು ಮನೆಯ ವಿಳಾಸ ಅಥವಾ ಹಾಸ್ಟೆಲ್ ವಿಳಾಸ ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ಮನೆಯೇ ಇಲ್ಲದವರಿಗೆ ವಿಳಾಸದ ದಾಖಲೆ ಬೇಕಿಲ್ಲ. ಅವರು ಹೇಳಿದ ಜಾಗದಲ್ಲಿ ರಾತ್ರಿ ಮಲಗುತ್ತಾರೆಯೇ ಎಂದು ಬಿಎಲ್‌ಒ ಹೋಗಿ ನೋಡಬೇಕು. ಊರ ಹೊರಗೆ ಟೆಂಟ್ ಹಾಕಿದ ಅಲೆಮಾರಿ ಕುಟುಂಬಗಳ ವಿಷಯದಲ್ಲಿ ತಂಡದವರು ಬಿಎಲ್‌ಒ ಜೊತೆ ಹೋದರೆ ಒಳ್ಳೆಯದು. ಬಹುಪಾಲು ಬಿಎಲ್‌ಒಗಳು ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು. ಹಗಲಿನ ಕೆಲಸ ಮುಗಿಸಿ ಇದನ್ನು ಮಾಡುವವರು. ಅವರನ್ನು ಗದರಿಸಿ ಯಾವ ಪಟ್ಟಿಯೂ ಸರಿಯಾಗಿಲ್ಲ.

ಹಕ್ಕು ಮತ್ತು ಆಕ್ಷೇಪಣೆಯ ಅವಧಿಯಲ್ಲಿ, ಅಂದರೆ ಕರಡು ಪಟ್ಟಿ ಬಂದ ಮೇಲೆ ಅರ್ಜಿ ಕೊಡಲು ಇರುವ ದಿನಗಳಲ್ಲಿ, ಒಬ್ಬ ಬಿಎಲ್‌ಎ ದಿನಕ್ಕೆ 10ಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿಲ್ಲ. ಒಟ್ಟು 30 ದಾಟಿದರೆ ಕ್ಷೇತ್ರದ ಮತದಾರರ ನೋಂದಣಾಧಿಕಾರಿ ಅಥವಾ ಸಹಾಯಕ ನೋಂದಣಾಧಿಕಾರಿ ತಾವೇ ಅಡ್ಡ ಪರಿಶೀಲನೆ ಮಾಡಬೇಕು. ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಇಡೀ ಪಟ್ಟಿಯನ್ನು ಹೊಸದಾಗಿ ತಯಾರಿಸುವ ಕೆಲಸ, ನಡೆಯುವಾಗ ಈ ಮಿತಿಗಳೂ ದಾಖಲೆಯ ನಿಯಮಗಳೂ ಬೇರೆ ಇರುತ್ತವೆ, ಆ ಸಲದ ಆದೇಶವನ್ನೇ ಓದಿಕೊಳ್ಳಬೇಕು. ಪ್ರತಿ ಅರ್ಜಿಗೂ ಸ್ವೀಕೃತಿ ಚೀಟಿ ಕೇಳಿ ಪಡೆಯಬೇಕು. ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಾಧಿಕಾರಿ ಪ್ರಕಟಿಸುತ್ತಾರೆ: ಸೇರ್ಪಡೆಯವು ನಮೂನೆ-9ರಲ್ಲಿ, ಆಕ್ಷೇಪಣೆಯವು ನಮೂನೆ-10ರಲ್ಲಿ. ನಮೂನೆ-10ನ್ನು ತಪ್ಪದೆ ಓದಿ, ನಿಮ್ಮ ಬೀದಿಯ ಯಾರ ಹೆಸರಿನ ಮೇಲೆ ಯಾರು ಆಕ್ಷೇಪಿಸಿದ್ದಾರೆ ಎಂದು ಅಲ್ಲಿ ಗೊತ್ತಾಗುತ್ತದೆ. ಏಳು ದಿನ ಕಳೆಯದೆ ತೀರ್ಮಾನ ಮಾಡುವಂತಿಲ್ಲ, ಆ ಏಳು ದಿನದಲ್ಲಿ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಿಸಬೇಕು. ಆದೇಶ ಸರಿ ಕಾಣದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ.

ತಂಡ ಮುರಿಯುವುದು ಸಾಮಾನ್ಯವಾಗಿ ಚುನಾವಣೆ ಘೋಷಣೆಯಾದ ವಾರ. ಬಿಎಲ್‌ಎಗಳಿಗೆ ಪಕ್ಷದ ಕಚೇರಿಯಿಂದ ಬೇರೆ ಕೆಲಸ ಬರುತ್ತದೆ, ಅದು ಸಹಜ. ಹಾಗಾಗಿ ಮುಖ್ಯ ಕೆಲಸವೆಲ್ಲ ಚುನಾವಣೆ ಇಲ್ಲದ ವರ್ಷದಲ್ಲೇ ಮುಗಿಯಬೇಕು. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ, ಏಳು ದಿನದ ನಿಯಮ ಇರುವುದರಿಂದ ಅರ್ಜಿ ಅದಕ್ಕೂ ಸಾಕಷ್ಟು ಮುಂಚೆ ತಲುಪಿರಬೇಕು.

ಪಾಲಿಕೆ ಚುನಾವಣೆಗೆ ಇನ್ನೊಂದು ಹೆಜ್ಜೆ ಇದೆ. ದಾವಣಗೆರೆಯ 45 ವಾರ್ಡ್‌ಗಳ ಪಟ್ಟಿಯನ್ನು ವಿಧಾನಸಭಾ ಪಟ್ಟಿಯ ಹೆಸರುಗಳನ್ನೇ ವಾರ್ಡ್‌ವಾರು ಹಂಚಿ ತಯಾರಿಸುತ್ತಾರೆ. ಹಂಚುವಾಗ ಒಂದು ಇಡೀ ಅಡ್ಡರಸ್ತೆ ಪಕ್ಕದ ವಾರ್ಡಿಗೆ ಹೋಗಿಬಿಡಬಹುದು. ವಿಧಾನಸಭಾ ಪಟ್ಟಿಯಲ್ಲಿ ಎಲ್ಲ ಸರಿ ಇದೆ ಎಂದು ನೆಮ್ಮದಿಯಾಗಿದ್ದವರಿಗೆ ಮತದಾನದ ದಿನ ಮತಗಟ್ಟೆಯಲ್ಲಿ ಹೆಸರು ಸಿಗುವುದಿಲ್ಲ. ವಾರ್ಡ್ ಕರಡು ಬಂದ ದಿನವೇ ಬೀದಿವಾರು ನೋಟ್‌ಬುಕ್ ತೆಗೆದು, ಪ್ರತಿ ಬೀದಿಯ ಮೊದಲ ಮನೆ ಮತ್ತು ಕೊನೆಯ ಮನೆಯ ಹೆಸರು ಯಾವ ವಾರ್ಡಿನಲ್ಲಿದೆ ಎಂದು ನೋಡಿ. ಎರಡೂ ಒಂದೇ ವಾರ್ಡಿನಲ್ಲಿದ್ದರೆ ನಡುವಿನವು ಹೆಚ್ಚಾಗಿ ಸರಿ ಇರುತ್ತವೆ, ಬೇರೆ ಬೇರೆ ಇದ್ದರೆ ಆ ಬೀದಿಯನ್ನು ಮನೆವಾರು ನೋಡಿ, ಎಲ್ಲ ಪಕ್ಷದವರ ಸಹಿ ಇರುವ ಒಂದೇ ಆಕ್ಷೇಪಣೆಯನ್ನು ಗಡುವಿನೊಳಗೆ ಕೊಡಿ.