ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ: ಪ್ರಯೋಗಾಲಯದಲ್ಲಿ ಪತ್ತೆ ಹಚ್ಚುವುದು ಹೇಗೆ?

ಪರೀಕ್ಷೆಗೆ ಬಂದ ದ್ರಾಕ್ಷಿಯನ್ನು ತೊಳೆಯುವಂತಿಲ್ಲ. ಅದು ಮಾರುಕಟ್ಟೆಯಲ್ಲಿ ಇದ್ದ ಹಾಗೆಯೇ ಇರಬೇಕು. ಒಂದೇ ಗೊಂಚಲಿನಲ್ಲೂ ಎಲ್ಲ ಹಣ್ಣಿಗೂ ಔಷಧಿ ಸಮನಾಗಿ ಬಿದ್ದಿರುವುದಿಲ್ಲ. ಹಾಗಾಗಿ ಬೇರೆ ಬೇರೆ ಪೆಟ್ಟಿಗೆಗಳಿಂದ ಒಂದೆರಡು ಕಿಲೋ ಆಯ್ದು, ತೊಟ್ಟು ಬಿಡಿಸಿ, ಒಟ್ಟಿಗೆ ರುಬ್ಬಬೇಕು. ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕ (ಇಲ್ಲಿ ಕೀಟನಾಶಕ ಎಂದರೆ ಇವೂ ಸೇರಿ) ರುಬ್ಬುವಾಗಲೇ ಒಡೆದುಹೋಗಬಹುದು. ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ಹಾಕಿ ತಣ್ಣಗಿಟ್ಟು ರುಬ್ಬುವುದು ಅದಕ್ಕಾಗಿ. ಇಲ್ಲಿ ಅವಸರಪಟ್ಟರೆ ಮುಂದೆ ಎಷ್ಟು ದುಬಾರಿ ಯಂತ್ರವಿದ್ದರೂ ಪ್ರಯೋಜನವಿಲ್ಲ.

ಮುಂದಿನದು ಹಣ್ಣಿನಿಂದ ಕೀಟನಾಶಕವನ್ನು ದ್ರಾವಕಕ್ಕೆ ಇಳಿಸಿ ಬೇರ್ಪಡಿಸುವ, 2003ರಲ್ಲಿ ಪ್ರಕಟವಾದ ‘ಕೆಚರ್ಸ್’ (QuEChERS) ವಿಧಾನ. ರುಬ್ಬಿದ 10 ಗ್ರಾಂ ಹಣ್ಣನ್ನು ಮುಚ್ಚಳವಿರುವ ಕೊಳವೆಗೆ ಹಾಕಿ, 10 ಮಿ.ಲೀ. ಅಸಿಟೋನೈಟ್ರೈಲ್ ಎಂಬ ದ್ರಾವಕ ಸುರಿದು ಒಂದು ನಿಮಿಷ ಜೋರಾಗಿ ಅಲುಗಾಡಿಸಬೇಕು. ನಂತರ 4 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 1 ಗ್ರಾಂ ಉಪ್ಪು. ಇವು ಬಿದ್ದ ಕೂಡಲೇ ಕೊಳವೆ ಕೈಗೆ ಬಿಸಿಯಾಗುತ್ತದೆ. ತಕ್ಷಣ ಕುಲುಕದಿದ್ದರೆ ಪುಡಿ ಗಂಟು ಕಟ್ಟುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ಸುತ್ತಿಸಿ ಪದರ ಬೇರ್ಪಡಿಸುವ ಯಂತ್ರ) ತಿರುಗಿಸಿದಾಗ ದ್ರಾವಕ ಮೇಲೆ ನಿಲ್ಲುತ್ತದೆ. ನಮಗೆ ಬೇಕಾದ ಅಂಶಗಳು ಅದರಲ್ಲಿವೆ.

ಆ ಮೇಲ್ಪದರವನ್ನು ತೆಗೆದು, ಬೇಡದ ಅಂಶಗಳನ್ನು ಹೀರುವ ‘ಪಿಎಸ್‌ಎ’ ಪುಡಿಯೊಂದಿಗೆ ಬೆರೆಸಿದರೆ ಸಕ್ಕರೆ, ಆಮ್ಲಗಳು ಕಳೆಯುತ್ತವೆ. ಸೊಪ್ಪಾಗಿದ್ದರೆ ಹಸಿರು ಬಣ್ಣ ತೆಗೆಯಲು ಇಂಗಾಲದ ಪುಡಿಯೂ ಬೇಕು. ಆದರೆ ಅಳತೆ ಮೀರಬಾರದು: ಥಯಾಬೆಂಡಜೋಲ್‌ನಂಥ ಕೆಲವು ಕೀಟನಾಶಕಗಳನ್ನೂ ಅದು ಹೀರಿಕೊಂಡುಬಿಡುತ್ತದೆ.

ಹೀಗೆ ಶುದ್ಧವಾದ ಸಾರವನ್ನು ಯಂತ್ರದಲ್ಲಿ ಅಳೆಯಬೇಕು. ಕಾರ್ಬೆಂಡಜಿಮ್, ಇಮಿಡಾಕ್ಲೋಪ್ರಿಡ್‌ಗೆ ಎಲ್‌ಸಿ-ಎಂಎಸ್/ಎಂಎಸ್ (ದ್ರವದ ಹರಿವಿನಲ್ಲಿ ಬೇರ್ಪಡಿಸಿ, ಅಣುಗಳನ್ನು ಒಡೆದು ತುಣುಕುಗಳನ್ನು ಗುರುತಿಸುವ ಯಂತ್ರ); ಆವಿಯಾಗಬಲ್ಲ ಕ್ಲೋರೋಪೈರಿಫಾಸ್, ಸೈಪರ್‌ಮೆಥ್ರಿನ್‌ಗೆ ಸಾಮಾನ್ಯವಾಗಿ ಜಿಸಿ-ಎಂಎಸ್/ಎಂಎಸ್ (ಅದೇ ಕೆಲಸವನ್ನು ಅನಿಲದ ಹರಿವಿನಲ್ಲಿ ಮಾಡುವ ಯಂತ್ರ). ಕೀಟನಾಶಕ ಯಂತ್ರದ ಕೊಳವೆಯಿಂದ ಹೊರಬರುವ ಸಮಯ ತಾಳೆಯಾಗಿ, ಜೊತೆಗೆ ಅಣುವಿನ ಎರಡು ತುಣುಕುಗಳೂ ನಿಗದಿತ ಅನುಪಾತದಲ್ಲಿ ಕಂಡರಷ್ಟೇ ಪತ್ತೆಯಾಯಿತು ಎನ್ನಬಹುದು. ಹಣ್ಣಿನ ಸಾರವೇ ಯಂತ್ರದ ಸಂಕೇತವನ್ನು ಏರಿಳಿಸುವುದರಿಂದ, ಉಳಿಕೆಯಿಲ್ಲದ ದ್ರಾಕ್ಷಿಯ ಸಾರದಲ್ಲಿ ಗೊತ್ತಿರುವ ಪ್ರಮಾಣ ಬೆರೆಸಿ ಅಳತೆಪಟ್ಟಿ ತಯಾರಿಸುತ್ತಾರೆ. ಹಾಗೆಯೇ, ಉಳಿಕೆಯಿಲ್ಲದ ಹಣ್ಣಿಗೆ ಕೀಟನಾಶಕ ಸೇರಿಸಿ ಇಡೀ ವಿಧಾನ ನಡೆಸಿದಾಗ ಅದರ ಶೇ 70ರಿಂದ 120ರಷ್ಟು ಮರಳಿ ಸಿಗಬೇಕು.

ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ, ಹುಡುಕಿದ ಪಟ್ಟಿಯಲ್ಲಿರುವುದು ಸಿಕ್ಕಿಲ್ಲ ಎಂದಷ್ಟೇ ಅರ್ಥ. ಬೂಜು ತುಪ್ಪಟ ರೋಗಕ್ಕೆ ಬೆಳೆಗಾರರು ಸಿಂಪಡಿಸುವ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಈ ವಿಧಾನಕ್ಕೆ ಸಿಕ್ಕುವುದೇ ಇಲ್ಲ! ಅದಕ್ಕೆ ಹಣ್ಣನ್ನು ಸ್ಟ್ಯಾನಸ್ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಬಿಸಿ ಮಾಡಿ, ಹೊರಬರುವ ಕಾರ್ಬನ್ ಡೈಸಲ್ಫೈಡ್ ಅಳೆಯಬೇಕು. ದ್ರಾಕ್ಷಿಯನ್ನು ಪರೀಕ್ಷೆಗೆ ಕೊಡುವವರು ಈ ಪ್ರತ್ಯೇಕ ಪರೀಕ್ಷೆಯನ್ನು ಅರ್ಜಿಯಲ್ಲೇ ಬರೆದು ಕೇಳಿ. ಹುಡುಕಿದ ಕೀಟನಾಶಕಗಳ ಪೂರ್ಣ ಪಟ್ಟಿಯನ್ನೂ ವರದಿಯೊಂದಿಗೆ ಪಡೆಯಿರಿ.