ಬಸ್ಸಿನ ಓಟವನ್ನು ಗ್ರಾಫ್ ಹಾಳೆಯಲ್ಲಿ ಓದುವುದು

ಶಿವಮೊಗ್ಗದಿಂದ ಭದ್ರಾವತಿ ಕಡೆಗೆ ಬಸ್ಸೊಂದು ನೇರ ದಾರಿಯಲ್ಲಿ ಹೊರಟಿದೆ ಎಂದುಕೊಳ್ಳಿ. ಕಾಲ ಅಡ್ಡ ಅಕ್ಷಕ್ಕೆ, ನಿಲ್ದಾಣದಿಂದ ದೂರ ಲಂಬ ಅಕ್ಷಕ್ಕೆ. ಮೊದಲ 20 ನಿಮಿಷಕ್ಕೆ 12 ಕಿ.ಮೀ., ಆಮೇಲೆ 5 ನಿಮಿಷ ನಿಲುಗಡೆ, ಮುಂದಿನ 15 ನಿಮಿಷಕ್ಕೆ 6 ಕಿ.ಮೀ. ಬಿಂದುಗಳನ್ನು ಗುರುತಿಸಿ ಸ್ಕೇಲಿನಿಂದ ಸೇರಿಸಿ.

ಗೆರೆಯ ಓರೆಯೇ ವೇಗ. ಮೊದಲ ತುಂಡಿನದು ಗಂಟೆಗೆ 36 ಕಿ.ಮೀ., ಅಂದರೆ ಸೆಕೆಂಡಿಗೆ 10 ಮೀಟರ್. ಕೊನೆಯದು ಗಂಟೆಗೆ 24. ಮಲಗಿದ ಗೆರೆ ಎಂದರೆ ಬಸ್ಸು ನಿಂತಿದೆ. ಗೆರೆ ಕೆಳಗಿಳಿದರೆ ಬಸ್ಸು ವಾಪಸು ಬರುತ್ತಿದೆ.

ಹೆಚ್ಚಿನವರು ಎಡವುವುದು ಇಲ್ಲೇ: ಮೇಲೇರುವ ಗೆರೆಯನ್ನು ಆಗುಂಬೆ ಘಾಟಿಯ ಏರು ಎಂದು ಓದಿಬಿಡುತ್ತಾರೆ. ಗ್ರಾಫ್ ರಸ್ತೆಯ ಚಿತ್ರವಲ್ಲ. ಆದ್ದರಿಂದ ಮೊದಲು ಅಕ್ಷಗಳ ಹೆಸರು ಓದಿ, ಆಮೇಲೆ ಗೆರೆ ನೋಡಿ.

ಲಂಬ ಅಕ್ಷದಲ್ಲಿ ವೇಗ ಬಂದರೆ ಅರ್ಥವೇ ಬೇರೆ. ಆಗ ಮಲಗಿದ ಗೆರೆ ಒಂದೇ ವೇಗದ ಓಟ, ಓರೆ ವೇಗೋತ್ಕರ್ಷ (ವೇಗ ಬದಲಾಗುವ ದರ), ಗೆರೆಯ ಕೆಳಗಿನ ವಿಸ್ತೀರ್ಣ ಸ್ಥಾನಪಲ್ಲಟ (ಹೊರಟ ಜಾಗದಿಂದ ಬಸ್ಸು ಎಷ್ಟು ಸರಿದಿದೆ ಎಂಬುದು). ಬಸ್ಸು 20 ಸೆಕೆಂಡಿನಲ್ಲಿ ಸೊನ್ನೆಯಿಂದ 10 ಮೀ/ಸೆ.ಗೆ ಏರಿ, 30 ಸೆಕೆಂಡು ಹಾಗೇ ಓಡಿ, 10 ಸೆಕೆಂಡಿನಲ್ಲಿ ನಿಂತಿತೆನ್ನಿ. ತ್ರಿಕೋನ 100, ಆಯತ 300, ಕೊನೆಯ ತ್ರಿಕೋನ 50: ಒಟ್ಟು 450 ಮೀಟರ್. ಬ್ರೇಕಿನ ಭಾಗದಲ್ಲಿ ವೇಗೋತ್ಕರ್ಷ −1 ಮೀ/ಸೆ². ಋಣ ಚಿಹ್ನೆ ಕಂಡು ಬಸ್ಸು ಹಿಂದಕ್ಕೆ ಹೋಯಿತು ಎನ್ನಬೇಡಿ. ಗೆರೆ ಕಾಲಾಕ್ಷದ ಕೆಳಗೆ ದಾಟಿದರೆ ಮಾತ್ರ ಹಿಮ್ಮುಖ ಚಲನೆ.

ವಿಸ್ತೀರ್ಣ ಲೆಕ್ಕ ಹಾಕುವಾಗ ನಿಮಿಷ, ಸೆಕೆಂಡು ಬೆರೆಸಿದರೆ ಉತ್ತರ 60 ಪಟ್ಟು ತಪ್ಪುತ್ತದೆ.